ಬಾಗಿಲ ಮೇಲಿನ ವರ್ಷ: ಒಂದು ಕರಾವಳಿ ಇಗರ್ಜಿಯ ಚರಿತ್ರೆ ಬರೆಯಹೊರಟಾಗ

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಊರಿನ ಹೆಸರಿಲ್ಲ, ಮನೆತನಗಳ ಹೆಸರೂ ಇಲ್ಲ. ಈ ಇಗರ್ಜಿಗೆ, ಅಂದರೆ ಚರ್ಚಿಗೆ, ಸೇರಿದ ವರ್ಷಗಳನ್ನು ದಶಕದ ಲೆಕ್ಕದಲ್ಲಷ್ಟೇ ಹೇಳುತ್ತೇನೆ. ವರ್ಷ ಸರಿಯಾಗಿ ಹೇಳಿದರೆ ನಮ್ಮ ಕಡೆಯವರು ಎರಡು ನಿಮಿಷದಲ್ಲಿ ಊರು ಹುಡುಕಿಬಿಡುತ್ತಾರೆ. ಎಲ್ಲರಿಗೂ ಗೊತ್ತಿರುವ ಚರಿತ್ರೆಯ ವರ್ಷಗಳು ಮಾತ್ರ ಇದ್ದ ಹಾಗೇ ಇವೆ.

ಹಿನ್ನೆಲೆ

ತುಳುನಾಡಿನ ಒಂದು ಹಳ್ಳಿ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಉದ್ದಕ್ಕೆ ಮಲಗಿದ ಮರಳಿನ ಪಟ್ಟಿ. ಅದರ ಮೇಲೆ ತೆಂಗಿನ ತೋಟಗಳು, ಮೀನುಗಾರರ ಮನೆಗಳು, ಒಂದು ದೈವಸ್ಥಾನ, ಒಂದು ಮಸೀದಿ, ಒಂದು ಇಗರ್ಜಿ. ಇಗರ್ಜಿಗೆ ಅಂಟಿಕೊಂಡ ಶಾಲೆಯಲ್ಲೇ ನಾನು ಓದಿದ್ದು. ನಾನು ಕ್ರೈಸ್ತನಲ್ಲ. ಆದರೂ ಮೊಂತಿ ಫೆಸ್ತಿನ (ಮರಿಯಮ್ಮನ ಹುಟ್ಟುಹಬ್ಬದ) ಕಬ್ಬಿನ ತುಂಡಿಗಾಗಿ ಸಾಲಿನಲ್ಲಿ ನಿಂತವನು. ಆಮೇಲೆ ಬೇರೆ ಊರಿನಲ್ಲಿ ಚರಿತ್ರೆಯ ಮಾಷ್ಟ್ರಾಗಿ ನಿವೃತ್ತನಾದೆ.

ಒಂದು ದಿನ ಅಲ್ಲಿನ ವಿಗಾರ್, ಅಂದರೆ ಇಗರ್ಜಿಯ ಮುಖ್ಯ ಪಾದ್ರಿ, ಫಾದರ್ ಫೋನ್ ಮಾಡಿದರು. "250ನೇ ವರ್ಷದ ಹಬ್ಬ ಮಾಡ್ತಿದ್ದೇವೆ ಮಾಷ್ಟ್ರೇ. ಸ್ಮರಣ ಸಂಚಿಕೆಗೆ ಒಂದು ಇಪ್ಪತ್ತು ಪುಟ ಚರಿತ್ರೆ ಬರೆದುಕೊಡಿ" ಎಂದರು. ಮೂರು ತಿಂಗಳ ಕೆಲಸ ಅಂದುಕೊಂಡೆ. ಎರಡೂವರೆ ವರ್ಷ ಹಿಡಿಯಿತು.

250 ಎಲ್ಲಿಂದ ಬಂತು?

ಊರವರ ಹತ್ತಿರ ಎರಡು ಪುರಾವೆ ಇದ್ದವು. ಒಂದು, ಮುಂಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿದ ವರ್ಷ. ಅದನ್ನು ಎಲ್ಲರೂ 1770ರ ದಶಕದ್ದು ಎಂದೇ ಓದುತ್ತಿದ್ದರು. ಇನ್ನೊಂದು, ಟಿಪ್ಪುವಿನ ಕಾಲದ ಕಥೆ.

ಈ ಎರಡನೆಯದು ಕರಾವಳಿಯ ಕ್ಯಾಥೊಲಿಕರಿಗೆ ಸಣ್ಣ ವಿಷಯ ಅಲ್ಲ. 1784ರ ಫೆಬ್ರವರಿ, ವಿಭೂತಿ ಬುಧವಾರ. ಅವತ್ತು ಸೆರೆ ಹಿಡಿಯುವುದು ಶುರುವಾಯಿತು, ಸಾವಿರಾರು ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು ಎಂಬುದು ಸಮುದಾಯದ ನೆನಪು. ಎಷ್ಟು ಜನ ಎಂಬ ಲೆಕ್ಕ 30,000ದಿಂದ 80,000ದವರೆಗೆ ಹೋಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ವಾಪಸ್ ಬಂದರು. ಆಗ ಕೆಡವಿದ ಇಗರ್ಜಿಗಳು 27 ಎಂದು ಪಟ್ಟಿ ಕೊಡುತ್ತಾರೆ. ಹೀಗಾಗಿ "ನಮ್ಮ ಇಗರ್ಜಿ ಟಿಪ್ಪುಗಿಂತ ಹಳೆಯದು" ಎನ್ನುವುದು ಊರಿಗೊಂದು ದೊಡ್ಡ ಮಾತು.

ನನಗೆ ಸಂಶಯ ಬರಲು ಕಾರಣ ಆ ಕಲ್ಲೇ. 1770ರ ದಶಕದಲ್ಲಿ ಕಟ್ಟಿ, 1784ರಲ್ಲಿ ಕೆಡವಿದ್ದರೆ, ಬಾಗಿಲ ಮೇಲಿನ ಕಲ್ಲೊಂದು ನೆಟ್ಟಗೆ ಉಳಿದದ್ದು ಹೇಗೆ? ಸಮಿತಿಯ ಸಭೆಯಲ್ಲಿ ಕೇಳಿದೆ. "ಅದು ದೇವರ ಮಹಿಮೆ" ಎಂದರು ಒಬ್ಬರು. ಅದಕ್ಕೆ ಎದುರು ಮಾತಾಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಸುಣ್ಣ ಕೆರೆದ ದಿನ

ಫಾದರ್ ಒಪ್ಪಿದರು. ಒಬ್ಬ ಮೇಸ್ತ್ರಿ ಏಣಿ ಹತ್ತಿದ. ಕಬ್ಬಿಣ ಮುಟ್ಟಬೇಡ ಎಂದು ಹೇಳಿ ಬಿದಿರಿನ ಕಡ್ಡಿ, ಒದ್ದೆ ಬಟ್ಟೆ ಕೊಟ್ಟಿದ್ದೆವು. ಪ್ರತಿ ಹಬ್ಬಕ್ಕೂ ಸುಣ್ಣ ಹೊಡೆದ ಗೋಡೆ ಅದು. ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಬರುತ್ತಿತ್ತು. ಬಿಳಿ, ಅದರ ಕೆಳಗೆ ಹಳದಿ, ಕೆಳಗೆ ನೀಲಿ, ಮತ್ತೆ ಬಿಳಿ. ಎರಡನೇ ಅಂಕಿಯ ಮೇಲಿನ ಗೆರೆ ಮಾತ್ರ ಎದ್ದು ಕಾಣುತ್ತಿದ್ದುದರಿಂದ ಇಷ್ಟು ವರ್ಷ ಅದು 7 ಆಗಿತ್ತು. ಸುಣ್ಣ ಹೋದ ಹಾಗೆ ಕೆಳಗೆ ಒಂದು ಸೊನ್ನೆ ಕಂಡಿತು, ಮೇಲೆ ಇನ್ನೊಂದು. ಅದು 8.

ಅಂದರೆ ಕಟ್ಟಡ 1870ರ ದಶಕದ್ದು. ಒಂದೇ ಬೆಳಿಗ್ಗೆ ನೂರು ವರ್ಷ ಹೋಯಿತು. ಏಣಿಯ ಕೆಳಗೆ ನಿಂತಿದ್ದ ಒಬ್ಬ ಗುರಿಕಾರರು (ಕೇರಿಯ ಮುಖಂಡರು), "ಮತ್ತೆ ಸುಣ್ಣ ಹೊಡೀರಿ ಮಾರಾಯ್ರೇ, ಯಾರಿಗೂ ಹೇಳ್ಬೇಡಿ" ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನನ್ನದೇ ತಪ್ಪು

ಊರವರ ತಪ್ಪು ಹಿಡಿದ ಉತ್ಸಾಹದಲ್ಲಿ ನಾನೂ ಒಂದು ಮಾಡಿದೆ. ಮಾಡಿನಿಂದ ಇಳಿಸಿದ ಒಂದು ಒಡೆದ ಹಂಚು ಸಿಕ್ಕಿತ್ತು. ಬೆನ್ನ ಮೇಲೆ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಯ ಅಚ್ಚು, ಜೊತೆಗೆ 1865 ಎಂಬ ವರ್ಷ. ಸಭೆಯಲ್ಲಿ ಅದನ್ನು ಎತ್ತಿ ತೋರಿಸಿದೆ. "ಕಟ್ಟಡ 1870ರ ದಶಕದ್ದೇ ಇರಬಹುದು. ಆದರೆ ಅದಕ್ಕೂ ಮೊದಲೇ, 1865ರಲ್ಲೇ, ಇಲ್ಲಿ ಹಂಚಿನ ಮಾಡಿನ ಇಗರ್ಜಿ ಇತ್ತು. ಆ ಹಂಚನ್ನೇ ಮತ್ತೆ ಬಳಸಿದ್ದಾರೆ" ಎಂದು ಘನವಾಗಿ ಹೇಳಿದೆ. ಸಮಿತಿಯವರು ಖುಷಿಯಾಗಿ ಅದನ್ನು ಕರಪತ್ರದಲ್ಲೂ ಹಾಕಿಬಿಟ್ಟರು.

ಕರಪತ್ರ ಓದಿದ ಒಬ್ಬರು ಮರುವಾರ ಮನೆಗೇ ಬಂದರು. ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. "ಅದು ಮಂಗಳೂರಿನ ಮೊದಲ ಕಾರ್ಖಾನೆ ಶುರುವಾದ ವರ್ಷ ಮಾಷ್ಟ್ರೇ. ಹಂಚು ಸುಟ್ಟ ವರ್ಷ ಅಲ್ಲ. ಎಷ್ಟು ವರ್ಷ ಆದ್ರೂ ಅದೇ ಅಚ್ಚು" ಎಂದು ನಕ್ಕರು. ಆಮೇಲೆ ಹಂಚನ್ನು ಮಗುಚಿ, ಬೆಳಕಿಗೆ ಹಿಡಿದು, ಅರ್ಧ ಮಾಸಿದ್ದ ಇನ್ನೊಂದು ಪದ ಓದಿಸಿದರು: ಫೆರೋಕ್. ಕೇರಳದ ಫೆರೋಕಿನಲ್ಲಿ ಮಿಶನ್ನಿನ ಕಾರ್ಖಾನೆ ಶುರುವಾದದ್ದು 1905ರಲ್ಲಿ. ನನ್ನ 1865ರ ಹಂಚು ಇಪ್ಪತ್ತನೇ ಶತಮಾನದ್ದು! ಕರಾವಳಿಯ ಮಳೆಗೆ ಮಾಡಿನ ಹಂಚು ಎಷ್ಟು ಸಲ ಬದಲಾಗುತ್ತದೆ ಎಂದು ಇಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲ ನೋಡಿ.

ಮುಂದಿನ ಸಭೆಯಲ್ಲಿ ಎದ್ದು ನಿಂತು ತಪ್ಪಾಯಿತು ಎಂದೆ. ಅದರಿಂದ ಒಂದು ಲಾಭವೂ ಆಯಿತು. ಅಲ್ಲಿಯವರೆಗೆ ನನ್ನನ್ನು "ನಮ್ಮ 250 ಕಿತ್ತುಕೊಂಡವ" ಎಂದು ನೋಡುತ್ತಿದ್ದವರು ಸ್ವಲ್ಪ ಸಡಿಲವಾದರು. ಒಬ್ಬರು ಮನೆಯಲ್ಲಿದ್ದ ಹಳೇ ಕಾಗದಗಳನ್ನು ತಂದುಕೊಟ್ಟರು. ಅದರಲ್ಲಿ ಕೆಲಸಕ್ಕೆ ಬರುವಂಥದ್ದು ಏನೂ ಇರಲಿಲ್ಲ. ಆದರೂ ತಂದುಕೊಟ್ಟರಲ್ಲ.

ಆಟಿಯಲ್ಲಿ ಹುಟ್ಟಿದ ಮಕ್ಕಳು

ಕಲ್ಲು, ಹಂಚು ಬಿಟ್ಟು ಪುಸ್ತಕಕ್ಕೆ ಬಂದೆವು. ಇಗರ್ಜಿಗಳಲ್ಲಿ ಜ್ಞಾನಸ್ನಾನ, ಮದುವೆ, ಮರಣ ಮೂರಕ್ಕೂ ಬೇರೆ ಬೇರೆ ದಾಖಲೆ ಪುಸ್ತಕ ಇಡುವ ಪದ್ಧತಿ ಹಳೆಯದು. ಮೊದಲೆರಡು ಹದಿನಾರನೇ ಶತಮಾನದ ಟ್ರೆಂಟ್ ಮಹಾಸಭೆಯ ಕಾಲದಿಂದಲೂ ಪಾದ್ರಿಗಳ ಕರ್ತವ್ಯ, ಮರಣದ್ದು ಆಮೇಲೆ ಸೇರಿತು. ಈ ಇಗರ್ಜಿಯ ಮೊದಲ ಜ್ಞಾನಸ್ನಾನ ಪುಸ್ತಕ 1800ರ ದಶಕದ್ದು, ಅಂದರೆ ಸೆರೆಯಿಂದ ಮರಳಿದ ತಲೆಮಾರಿನದ್ದು. ಭಾಷೆ ಪೋರ್ಚುಗೀಸ್. ಅಲ್ಲಿ ಈ ಜಾಗವನ್ನು ಇಗರ್ಜಿ ಎಂದು ಕರೆದೇ ಇಲ್ಲ, 'ಕಪೇಲ' ಎಂದಿದೆ. ಹೊಳೆಯಾಚೆಯ ಒಂದು ಹಳೇ ಇಗರ್ಜಿಯ ಕೈಕೆಳಗಿನ ಪ್ರಾರ್ಥನಾ ಮಂದಿರ. ಮುಳಿಹುಲ್ಲಿನ ಮಾಡು ಇತ್ತೆಂದು ಒಂದು ಕಡೆ ಖರ್ಚಿನ ಲೆಕ್ಕದಲ್ಲಿ ಸಿಕ್ಕಿತು. 27ರ ಪಟ್ಟಿಯಲ್ಲಿದ್ದದ್ದು ಆ ಆಚೆಯ ಇಗರ್ಜಿ, ಇದಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪುಸ್ತಕದ ಮಧ್ಯದಲ್ಲಿ ಏನೋ ಸರಿ ಇರಲಿಲ್ಲ. 1840ರ ದಶಕಕ್ಕೆ ಬಂದಾಗ ವರ್ಷಕ್ಕೆ ಮೂವತ್ತು ನಲವತ್ತು ಇದ್ದ ಜ್ಞಾನಸ್ನಾನಗಳು ಅರ್ಧಕ್ಕೂ ಕಡಿಮೆಯಾದವು. ಮೊದಲು ಹೊಳೆದದ್ದು ಕಾಲರಾ. ಹಾಗಿದ್ದರೆ ಮರಣದ ಪುಸ್ತಕ ಉಬ್ಬಬೇಕಿತ್ತು. ಉಬ್ಬಲಿಲ್ಲ, ಎಂದಿನ ಹಾಗೇ ಇತ್ತು. ಗುಳೆ ಹೋದರೇ? ಗುಳೆ ಹೋದವರು ಇಲ್ಲಿ ಬಂದು ಸಾಯುವುದಿಲ್ಲವಲ್ಲ. ಜನ ಇದ್ದಾರೆ, ಸಾಯುತ್ತಿದ್ದಾರೆ, ಇಲ್ಲೇ ಹೂಳುತ್ತಿದ್ದಾರೆ. ಮಕ್ಕಳನ್ನು ಮಾತ್ರ ಬೇರೆಲ್ಲೋ ಒಯ್ಯುತ್ತಿದ್ದಾರೆ.

ಹೊಳೆಯಾಚೆಯ ಇಗರ್ಜಿಯ ಪುಸ್ತಕ ತೆರೆದಾಗ ಅವರೆಲ್ಲ ಅಲ್ಲಿದ್ದರು. ನಮ್ಮೂರಿನ ಮನೆತನಗಳು, ಎಲ್ಲವೂ ತೆಂಕಣ ವಾಡೊದವು (ವಾಡೊ ಅಂದರೆ ಕೇರಿ). ಇನ್ನೂ ಒಂದು ವಿಚಿತ್ರ ಇತ್ತು. ಆ ಕಾಲದಲ್ಲಿ ಮಗುವಿಗೆ ಹುಟ್ಟಿದ ವಾರದೊಳಗೆ ಜ್ಞಾನಸ್ನಾನ ಆಗಿಬಿಡುತ್ತಿತ್ತು, ಯಾಕಂದ್ರೆ ಮಕ್ಕಳು ಉಳಿಯುವ ಭರವಸೆ ಕಡಿಮೆ. ಬೇಸಿಗೆಯಲ್ಲಿ ಹುಟ್ಟಿದವು ಹಾಗೇ ಇವೆ. ಆದರೆ ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಹುಟ್ಟಿದವಕ್ಕೆ ಎರಡು ತಿಂಗಳು, ಮೂರು ತಿಂಗಳು. ಹೊಳೆ ತುಂಬಿದಾಗ ಕಡವಿನಲ್ಲಿ ದೋಣಿ ಬಿಡುತ್ತಿರಲಿಲ್ಲ. ಮನೆಯಿಂದ ಗಂಟೆ ಕೇಳುವಷ್ಟು ಹತ್ತಿರ ದೇವರ ಮನೆ ಇದ್ದೂ, ಹೊಳೆ ಇಳಿಯುವವರೆಗೆ ಮಗುವನ್ನು ಹಾಗೇ ಇಟ್ಟುಕೊಂಡು ಕಾದಿದ್ದಾರೆ. ಅಷ್ಟು ಹಠ ಹಿಡಿಯಲು ಏನಾಗಿತ್ತು?

ಬೀರುವಿನ ಫೈಲು

ಉತ್ತರ ಸಿಕ್ಕಿದ್ದು ನಾವು ಹುಡುಕದ ಜಾಗದಲ್ಲಿ. ವಿಗಾರ್ ಮನೆಯ ಬೀರುವಿನಲ್ಲಿ 1974ರ ಭೂಸುಧಾರಣೆಯ ಕಾಲದ ಫೈಲುಗಳ ಕಟ್ಟು ಇತ್ತು. ಉಳುವವನೇ ಹೊಲದೊಡೆಯ ಎಂದಾದಾಗ ಒಕ್ಕಲುಗಳು ಭೂಮಿ ತಮಗೆ ಬೇಕೆಂದು ಡಿಕ್ಲರೇಷನ್ ಕೊಟ್ಟರು. ದೇವಸ್ಥಾನ, ಮಠ, ಇಗರ್ಜಿ ಎಂದಿಲ್ಲದೆ ಗೇಣಿ ಭೂಮಿ ಎಲ್ಲರ ಕೈಯಿಂದಲೂ ಹೋಯಿತು. ಆ ಕಟ್ಟಿನಲ್ಲಿ ನನ್ನ ಅಜ್ಜನ ಹೆಸರೂ ಇತ್ತು. ಅವರು ಇಗರ್ಜಿಯ ಚಾಲಗೇಣಿ ಒಕ್ಕಲು, ಅಂದರೆ ಕಾಯಂ ಹಕ್ಕಿಲ್ಲದ ಗೇಣಿದಾರ. ನಾವು ಇವತ್ತು ಕೂತಿರುವ ಮನೆಯ ಅಡಿಸ್ಥಳ ಹಾಗೇ ಬಂದದ್ದು. ಫಾದರಿಗೆ ಆ ಪುಟ ತೋರಿಸಿ, "ಬೇಕಾದರೆ ಬೇರೆಯವರಿಂದ ಬರೆಸಿ" ಎಂದೆ. "ಇದನ್ನೂ ಬರೀರಿ" ಎಂದರು ಅಷ್ಟೇ.

ಇಂಥ ಅರ್ಜಿಗಳನ್ನು ತೀರ್ಮಾನಿಸುವ ಟ್ರಿಬ್ಯುನಲ್ಲಿಗೆ ಭೂಮಿ ತಮ್ಮದೆಂದು ತೋರಿಸಲು ಇಗರ್ಜಿಯವರು ಹಳೆಯ ಮುನ್ಸಿಫ್ ಕೋರ್ಟಿನ ಒಂದು ತೀರ್ಪಿನ ನಕಲು ಲಗತ್ತಿಸಿದ್ದರು. ವಕೀಲರಿಗೆ ಬೇಕಿದ್ದದ್ದು ಅದರಲ್ಲಿದ್ದ ಗಡಿಯ ವಿವರ. ನಮಗೆ ಸಿಕ್ಕಿದ್ದು ಜಗಳ. 1840ರ ದಶಕದಲ್ಲಿ ಊರಿನ ಎರಡು ಗುಂಪು ಇಗರ್ಜಿಯ ಕೀಲಿಗಾಗಿ, ಒಂದು ಬೆಳ್ಳಿ ಶಿಲುಬೆಗಾಗಿ ಕೋರ್ಟು ಹತ್ತಿದ್ದರು.

ಇದರ ಬೇರು ರೋಮಿನಲ್ಲಿತ್ತು. ಕೆನರಾದ, ಅಂದರೆ ನಮ್ಮ ಕರಾವಳಿಯ, ಕ್ಯಾಥೊಲಿಕರು ಗೋವಾದ ಆರ್ಚ್‌ಬಿಷಪ್ಪರ ಕೈಕೆಳಗಿದ್ದರು. ಪೋರ್ಚುಗಲ್ ರಾಜನಿಗಿದ್ದ ಪದ್ರುವಾದೊ ಹಕ್ಕಿನಡಿ ಅಲ್ಲಿಂದಲೇ ಪಾದ್ರಿಗಳು ಬರುತ್ತಿದ್ದರು. 1838ರಲ್ಲಿ ಪೋಪ್ 16ನೇ ಗ್ರೆಗರಿ ಆ ಹಕ್ಕನ್ನು ಕಡಿತ ಮಾಡಿದರು. ಕೆನರಾ ಭಾಗ ಕೇರಳದ ವೆರಾಪೊಲಿಯ ಕಾರ್ಮೆಲೈಟ್ ಸನ್ಯಾಸಿ ಸಂಘದ ಧರ್ಮಾಧಿಕಾರಿಗಳ ಕೈಗೆ ಬಂತು. ಕೆಲವರು ರೋಮಿನ ಮಾತಿಗೆ ತಲೆಬಾಗಿದರು, ಕೆಲವರು ಗೋವಾ ಬಿಡಲಿಲ್ಲ. ಇದನ್ನು ಬರೀ ಮೊಂಡುತನ ಎನ್ನಲಾರೆ. ಗೋವಾದ ಪಾದ್ರಿಗೆ ಕೊಂಕಣಿ ಬರುತ್ತಿತ್ತು. ಪಾಪ ನಿವೇದನೆಯನ್ನು ತನ್ನ ಮಾತಿನಲ್ಲಿ ಕೇಳುವವರು ಬೇಕೆನ್ನುವುದು ತಪ್ಪೇ? ನಮ್ಮ ಹಳ್ಳಿಯಲ್ಲಿ ಬಡಗಣ ವಾಡೊದವರು ಗೋವಾದ ಪಾದ್ರಿಯನ್ನು ಇಟ್ಟುಕೊಂಡರು, ಕೀಲಿಯೂ ಅವರ ಕೈಯಲ್ಲೇ ಉಳಿಯಿತು. ತೆಂಕಣದವರು ಹೊಳೆ ದಾಟಿದರು. ಸ್ಮಶಾನ ಮಾತ್ರ ಒಂದೇ ಇದ್ದದ್ದರಿಂದ ಹೆಣಗಳು ಒಟ್ಟಿಗೇ ಮಲಗಿದವು.

ಜಗಳ ಮುಗಿಸಲು ಒಂದು ಉಪಾಯ ಮಾಡಿದರು. ಹೊಳೆಯಾಚೆಯ ಹಂಗು ಬೇಡ, ಗೋವಾವೂ ಬೇಡ, ಈ ಊರಿಗೇ ಸ್ವಂತ ವಿಗಾರ್ ಎಂದು ಆದೇಶವಾಯಿತು. ಅದು 1840ರ ದಶಕದ ಕೊನೆ. ಜ್ಞಾನಸ್ನಾನದ ಪುಸ್ತಕದಲ್ಲಿ ಆ ದಿನ ಬರಿಗಣ್ಣಿಗೇ ಕಾಣುತ್ತದೆ. ಒಂದು ಪುಟದಲ್ಲಿ ಪೋರ್ಚುಗೀಸಿನ 'ಬಾಪ್ತಿಝೆಯ್', ಮಗುಚಿದರೆ ಲ್ಯಾಟಿನ್ನಿನ 'ಬಾಪ್ತಿಝಾವಿ'. ಬೇರೆ ಕೈ, ಬೇರೆ ಶಾಯಿ. ಕೆಳಗೆ ತೆಂಕಣದ ಹೆಸರುಗಳು ಒಂದೊಂದಾಗಿ ವಾಪಸ್. ಅಂದರೆ ಇದು ಪೂರ್ಣ ಇಗರ್ಜಿ ಆದದ್ದೇ ಜಗಳದ ದೆಸೆಯಿಂದ. ಊರಿನಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ ಅಂದುಕೊಂಡಿದ್ದೆ.

ಯಾವ ವರ್ಷ?

ಈಗ ಸಮಿತಿಯ ಮುಂದೆ ಮೂರು ಆಯ್ಕೆ: ಹುಲ್ಲಿನ ಮಂದಿರದ 1800ರ ದಶಕ, ಆದೇಶದ 1840ರ ದಶಕ, ಕಟ್ಟಡದ 1870ರ ದಶಕ. ಜೊತೆಗೆ ಸುಮ್ಮನೆ 250 ಎಂದೇ ಹಬ್ಬ ಮಾಡಿ ಮುಗಿಸೋಣ ಎನ್ನುವವರೂ ಇದ್ದರು. ಅವರ ಕಷ್ಟವೂ ನಿಜವೇ. ದುಬೈ, ಕುವೈತ್, ಮುಂಬೈಯವರಿಂದ 250ರ ಹೆಸರಿನಲ್ಲಿ ಹಣ ಎತ್ತಿ ಆಗಿತ್ತು. "ನೂರ ಎಪ್ಪತ್ತಮೂರನೇ ವರ್ಷಕ್ಕೆ ಯಾರು ದುಡ್ಡು ಕೊಡ್ತಾರೆ?" ಎಂದು ಖಜಾಂಚಿ ಕೇಳಿದಾಗ ಯಾರೂ ನಗಲಿಲ್ಲ.

ಫಾದರ್ ಎರಡು ವಾರ ಏನೂ ಹೇಳಲಿಲ್ಲ. ಆಮೇಲೆ ಭಾನುವಾರದ ಪೂಜೆಯ ಕೊನೆಗೆ, ಕಲ್ಲಿನ ಫೋಟೊ ಎತ್ತಿ ಹಿಡಿದು, ನಡೆದದ್ದೆಲ್ಲ ಹೇಳಿದರು. ಹಣ ವಾಪಸ್ ಬೇಕಾದವರಿಗೆ ಕೊಡುತ್ತೇವೆ, ಆದೇಶದ ವರ್ಷವನ್ನೇ ಹಿಡಿಯೋಣ, ಎರಡು ವರ್ಷ ಕಾದು 175 ಮಾಡೋಣ ಎಂದರು. ಮೂರು ನಾಲ್ಕು ಜನ ಹಣ ವಾಪಸ್ ಪಡೆದರು. ಒಬ್ಬರು ಸಮಿತಿಯೇ ಬಿಟ್ಟರು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣ ತಿರುಗಿದ್ದು ಆ ಭಾನುವಾರ. ಆಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ ಅಲ್ವಾ, ಹಾಗಾಗಿ ಜನ ಮಾತಾಡಲು ಶುರು ಮಾಡಿದರು.

ಇನ್ನೊಮ್ಮೆ ಇಂಥ ಕೆಲಸ ಬಂದರೆ ನಾನು ಕಟ್ಟಡದಿಂದ ಶುರು ಮಾಡುವುದಿಲ್ಲ. ಕಲ್ಲು, ಹಂಚು, ಗಂಟೆ ಇವೆಲ್ಲ ಬೇರೆ ಕಡೆಯಿಂದ ಬರಬಹುದು, ಬದಲಾಗಬಹುದು. ದಾಖಲೆ ಪುಸ್ತಕದಲ್ಲೂ ಮೊದಲ ಪುಟಕ್ಕಿಂತ ಜಾಸ್ತಿ, ಹೆಸರುಗಳು ತೆಳುವಾಗುವ ಪುಟ ನೋಡುತ್ತೇನೆ. ಪಕ್ಕದ ಊರಿನ ಪುಸ್ತಕವನ್ನು ಜೊತೆಗಿಟ್ಟೇ ಓದುತ್ತೇನೆ. ಆಸ್ತಿಯ ಫೈಲನ್ನು ಕೊನೆಗೆ ಬಿಡುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಯಾರೂ ಚರಿತ್ರೆಯನ್ನು ಜೋಪಾನ ಮಾಡುವುದಿಲ್ಲ, ಆದರೆ ಜಾಗದ ಕಾಗದ ಮಾತ್ರ ಯಾರೂ ಬಿಸಾಡುವುದಿಲ್ಲ. ಹಬ್ಬದ ಅಂಕಿ ನಿಕ್ಕಿಯಾಗುವ ಮೊದಲೇ ಬರೆಯುವವನನ್ನು ಕರೆಯಿರಿ ಎಂದೂ ಹೇಳುತ್ತೇನೆ. ಅದನ್ನು ಯಾರೂ ಕೇಳುವುದಿಲ್ಲ, ಗೊತ್ತು.

ಅಚ್ಚಿಗೆ ಮೊದಲು

ಜಗಳದ ಅಧ್ಯಾಯವನ್ನು ನೇರವಾಗಿ ಅಚ್ಚಿಗೆ ಕಳಿಸಲು ಧೈರ್ಯ ಬರಲಿಲ್ಲ. ಎರಡೂ ವಾಡೊಗಳಲ್ಲಿ ಸಂಜೆಯ ತೇರ್ಸದ (ಜಪಮಾಲೆ ಪ್ರಾರ್ಥನೆಯ) ನಂತರ ಓದಿ ಹೇಳುವುದು ಎಂದಾಯಿತು. ಕೊಂಕಣಿಗೆ ಮಾಡಿದ್ದನ್ನು ಒಬ್ಬ ಕಾಲೇಜು ಹುಡುಗಿ ಓದಿದಳು, ನಾನು ಮೂಲೆಯಲ್ಲಿ ಕೂತೆ. ಬಡಗಣದಲ್ಲಿ ಎರಡು ಮನೆಯವರು ಕೋರ್ಟಿನ ಕಾಗದದಲ್ಲಿದ್ದ ತಮ್ಮ ಹಿರಿಯರ ಹೆಸರು ಬೇಡವೆಂದರು. ತೆಗೆದೆವು. ಕೀಲಿ, ಶಿಲುಬೆ ಉಳಿದವು.

ತೆಂಕಣದಲ್ಲಿ ಮುಂದಿನ ಸಾಲಿನಲ್ಲೇ ತೊಂಬತ್ತು ದಾಟಿದ ಒಬ್ಬ ಬಾಯಮ್ಮ ಕೂತಿದ್ದರು. ಓದು ಮುಗಿಯುವವರೆಗೂ ಕೈಯಲ್ಲಿ ಜಪಮಾಲೆ, ಮುಖದಲ್ಲಿ ಏನೂ ಇಲ್ಲ. ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದರು.

"ಎಲ್ಲ ಸರಿ ಬರೆದಿದ್ದೀರಿ ಮಾಷ್ಟ್ರೇ. ಒಂದು ಮಾತು ತಪ್ಪು."

ಯಾವುದು ಬಾಯಮ್ಮ ಎಂದೆ.

"ತೆಂಕಣದವರು ಬಿಟ್ಟು ಹೋದರು ಅಂತ ಬರೆದಿದ್ದೀರಿ. ನಾವು ಎಲ್ಲಿಗೂ ಬಿಟ್ಟು ಹೋಗಲಿಲ್ಲ. ಕೀಲಿ ಹಾಕಿಕೊಂಡದ್ದು ಅವರು."

"ನಿಮಗೆ ಇದು ಮೊದಲೇ ಗೊತ್ತಿತ್ತಾ?"

"ನನ್ನ ಅಜ್ಜಿ ಹೇಳ್ತಿದ್ರು. ನೀವು ಯಾರೂ ಕೇಳಲಿಲ್ಲ."

ಮನೆಗೆ ಬಂದು ಆ ವಾಕ್ಯ ಹೊಡೆದುಹಾಕಿದೆ. 'ಬಿಟ್ಟು ಹೋದರು' ಇದ್ದಲ್ಲಿ 'ಎರಡು ಕಡೆಯವರೂ ಬೇರೆಯಾದರು' ಎಂದು ಬರೆದೆ. ಪುಸ್ತಕ ಬಂದ ಮೇಲೆ ಬಡಗಣದ ಗುರಿಕಾರರು ಇದೇ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಂದು, ಬೇರೆಯಾದದ್ದು ಒಂದೇ ಕಡೆಯವರು ಮಾಷ್ಟ್ರೇ, ಎಂದರು.